ಬಜ್ಪೆ ಹೇಳಿದ್ದನ್ನು ಕೇಳಿಸಿಕೊಳ್ಳಲು ಹದಿನೈದು ವರ್ಷ

2010ರ ಮೇ 22ರ ಬೆಳಗಿನ ಜಾವ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಬದುಕಿ ಬಂದವರು ಎಂಟೇ ಮಂದಿ. ಬಜ್ಪೆಯ ಟೇಬಲ್‌ಟಾಪ್ ರನ್‌ವೇ, ಅಂದರೆ ಗುಡ್ಡದ ನೆತ್ತಿಯ ಮೇಲಿನ ರನ್‌ವೇ ಬಗ್ಗೆ ಕರಾವಳಿಯಲ್ಲಿ ಅಂದಿನಿಂದಲೂ ಮಾತಿದೆ. ಕಾಕ್‌ಪಿಟ್‌ನ ಧ್ವನಿಮುದ್ರಣದ ಬಗ್ಗೆ ಅಷ್ಟು ಮಾತಾಗಲಿಲ್ಲ.

ಸುಮಾರು ಎರಡು ಗಂಟೆಯ ಆ ಮುದ್ರಣದ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಗೊರಕೆಯ ಸದ್ದೂ ಅದರಲ್ಲಿ ದಾಖಲಾಗಿದೆ. ಎಚ್ಚರವಾದಾಗ ವಿಮಾನ ಇಳಿಸುವ ಹೊತ್ತು ಹತ್ತಿರವಾಗಿತ್ತು. ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಕೋ-ಪೈಲಟ್ ಮೂರು ಸಲ 'ಗೋ ಅರೌಂಡ್', ಅಂದರೆ ಇಳಿಸದೆ ಮತ್ತೆ ಮೇಲೇರಿಸಿ ಎಂದರು, ಎಚ್ಚರಿಕೆಯ ಯಂತ್ರವೂ ಕೂಗಿತು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ.

ಗಾಢ ನಿದ್ದೆಯಿಂದ ಎದ್ದವರ ಮಿದುಳು ತಕ್ಷಣ ಚುರುಕಾಗುವುದಿಲ್ಲ. ಅದರಲ್ಲೂ ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ದೇಹ ನಿದ್ದೆಗೆಂದೇ ಇಳಿಮುಖವಾಗಿರುತ್ತದೆ. ಹಿಂದಿನ ದಿನ ಎಷ್ಟೇ ಮಲಗಿದ್ದರೂ ಆ ಹೊತ್ತಿನ ಮಂಪರು ಪೂರ್ತಿ ತಪ್ಪುವುದಿಲ್ಲ. ಈ ಎರಡನ್ನೂ ತನಿಖಾ ವರದಿ ಪೂರಕ ಕಾರಣಗಳೆಂದು ಗುರುತಿಸಿತು. ಕ್ಯಾಪ್ಟನ್ ಆಗಷ್ಟೇ ರಜೆ ಮುಗಿಸಿ ಬಂದವರು, ಕಾಗದದ ಮೇಲೆ ವಿಶ್ರಾಂತಿಗೆ ಕೊರತೆ ಇರಲಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಇದೇ: ಎಷ್ಟು ಗಂಟೆ ಕೆಲಸ ಎಂಬುದರಷ್ಟೇ ಯಾವ ಹೊತ್ತಿನ ಕೆಲಸ ಎಂಬುದನ್ನೂ ಕೇಳಬೇಕು.

ಇದು ಆಗಲೇ ಗೊತ್ತಿದ್ದ ವಿಷಯ. 1993ರಲ್ಲಿ ಗ್ವಾಂಟನಾಮೊದಲ್ಲಿ ಸರಕು ವಿಮಾನವೊಂದು ಬಿದ್ದಾಗಲೇ ಅಮೆರಿಕದ ತನಿಖಾ ಮಂಡಳಿ ಪೈಲಟ್‌ಗಳ ದಣಿವನ್ನು ಕಾರಣವೆಂದು ಬರೆದಿತ್ತು. ನಮ್ಮಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2007ರಲ್ಲಿ ಪೈಲಟ್‌ಗಳ ಕೆಲಸ ಮತ್ತು ವಿಶ್ರಾಂತಿಯ ಹೊತ್ತಿಗೆ ಬಿಗಿ ನಿಯಮ ತಂದಿತು. ಮರುವರ್ಷವೇ ಅದನ್ನು ತಡೆಹಿಡಿದು 1992ರ ಹಳೆಯ ಸುತ್ತೋಲೆಗೆ ಮರಳಲಾಯಿತು. ಬಜ್ಪೆ ದುರಂತ ನಡೆದದ್ದು ಆ ಹಳೆಯ ಲೆಕ್ಕದ ಕಾಲದಲ್ಲಿ. ಹೊಸ ನಿಯಮ ಬಂದದ್ದು 2011ರಲ್ಲಿ.

2024ರ ಜನವರಿಯಲ್ಲಿ ಡಿಜಿಸಿಎ ಮತ್ತೆ ತಿದ್ದಿತು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. ರಾತ್ರಿ ಎಂದರೆ ಹನ್ನೆರಡರಿಂದ ಐದರ ಬದಲು ಆರರವರೆಗೆ ಎಂದಾಯಿತು. ರಾತ್ರಿ ಪಾಳಿಯಲ್ಲಿ ಆರು ಸಲದವರೆಗೆ ವಿಮಾನ ಇಳಿಸಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ವಿಮಾನ ಇಳಿಸುವ ಹೊತ್ತಿನಲ್ಲೇ ತಪ್ಪಿಗೆ ಜಾಗ ಕಡಿಮೆ, ಹಾಗಾಗಿ ನನ್ನ ಪಾಲಿಗೆ ಇದೇ ಎಲ್ಲಕ್ಕಿಂತ ಬೆಲೆಯುಳ್ಳ ಬದಲಾವಣೆ. ಆ ವರ್ಷದ ಜೂನ್‌ಗೆ ಜಾರಿಯಾಗಬೇಕಿದ್ದದ್ದು ಮುಂದಕ್ಕೆ ಹೋಯಿತು. ಪೈಲಟ್ ಸಂಘಗಳ ಪ್ರಕರಣ ದೆಹಲಿ ಹೈಕೋರ್ಟ್‌ನಲ್ಲಿತ್ತು. ಕೊನೆಗೆ 2025ರ ಜುಲೈ ಮತ್ತು ನವೆಂಬರ್‌ನಲ್ಲಿ, ಎರಡು ಕಂತುಗಳಲ್ಲಿ, ನಿಯಮ ಜಾರಿಗೆ ಬಂತು.

ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್‌ಗಳಿಲ್ಲದೆ ಆ ಡಿಸೆಂಬರ್ ಮೊದಲ ವಾರ ಇಂಡಿಗೊದ ಸಾವಿರಾರು ವಿಮಾನ ರದ್ದಾದವು, ಬೆಂಗಳೂರಿನಲ್ಲೂ ಜನ ಪರದಾಡಿದರು. ಡಿಜಿಸಿಎ ಆ ಸಂಸ್ಥೆಗೆ ರಾತ್ರಿ ನಿಯಮಗಳಿಂದಲೇ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಟಿಕೆಟ್ ಹಿಡಿದು ನೆಲದ ಮೇಲೆ ಮಲಗಿದವರ ಸಿಟ್ಟು ನ್ಯಾಯವಾದದ್ದೇ. ಆದರೆ ಸಡಿಲಿಸಿದ್ದು ಯಾವುದನ್ನು ಎಂಬುದು ನನ್ನನ್ನು ಕಾಡುತ್ತದೆ. ನಿಯಮ ಪ್ರಕಟವಾಗಿ ಜಾರಿಯಾಗುವವರೆಗೆ ಪೈಲಟ್‌ಗಳನ್ನು ಸೇರಿಸಿಕೊಳ್ಳಲು ಎರಡು ವರ್ಷದಷ್ಟು ಕಾಲವಿತ್ತು. ಆಳು ಸಾಲದಿದ್ದರೆ ರಾತ್ರಿಯ ವಿಮಾನಗಳ ಸಂಖ್ಯೆ ಇಳಿಸಬೇಕು, ಪೈಲಟ್‌ನ ನಿದ್ದೆಯನ್ನಲ್ಲ.