ಬ್ರಿಟಿಷ್ ಬೈಕ್ ಎಂದರೆ ಆಯಿಲ್ ಸೋರಲೇಬೇಕೇ?

ಪ್ರಶ್ನೆ: ಸರ್, ಅಜ್ಜನ ಕಾಲದ ಟ್ರಯಂಫ್ ಥಂಡರ್‌ಬರ್ಡ್ ಬೈಕನ್ನು ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯ ಗ್ಯಾರೇಜಿನಲ್ಲೇ ಎರಡು ವರ್ಷ ಕುಳಿತು ಕಟ್ಟಿದ್ದೇನೆ. ಎರಡನೆಯ ಒದೆತಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಇಂಜಿನ್ ಕೆಳಗೆ ದಿನವೂ ಅಂಗೈ ಅಗಲ ಆಯಿಲ್. ‘ಬ್ರಿಟಿಷ್ ಬೈಕ್ ಅಂದರೆ ಇದು ಇದ್ದದ್ದೇ, ಕೆಳಗೊಂದು ತಟ್ಟೆ ಇಟ್ಟು ಸುಮ್ಮನಿರು’ ಎನ್ನುತ್ತಾರೆ ಎಲ್ಲರೂ. ಏನು ಮಾಡಲಿ?

ಉತ್ತರ: ಮೊದಲು ಆ ತಟ್ಟೆ ತೆಗೆಯಿರಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಬೈಕಿನ ಹೆಸರು ಬೇರೆಯಾಗುತ್ತದೆ: ಒಮ್ಮೆ ಬಿಎಸ್‌ಎ, ಒಮ್ಮೆ ನಾರ್ಟನ್, ಒಮ್ಮೆ ಮದ್ರಾಸಿನಲ್ಲಿ ತಯಾರಾದ ಹಳೆಯ ಬುಲೆಟ್. ತಟ್ಟೆ ಮಾತ್ರ ಅದೇ. ಎರಡು ವರ್ಷ ಬೆವರು ಸುರಿಸಿ ಬೈಕ್ ಕಟ್ಟಿದವರು ಕೊನೆಯ ಹತ್ತು ದಿನದ ಕೆಲಸವನ್ನು ಒಂದು ಗಾದೆಯಂಥ ಮಾತು ನಂಬಿ ಕೈಬಿಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸೋರುವುದು ಆ ಬೈಕಿನ ಗುಣವಲ್ಲ. ಸೋರುವ ಪ್ರತಿ ಹನಿಗೂ ಒಂದು ಕಾರಣವಿದೆ, ಆ ಕಾರಣ ಕೈಗೆ ಸಿಗುವಂಥದ್ದು.

ಸ್ವಲ್ಪ ಓದಿಕೊಂಡವರು ಈ ಮಾತಿಗೆ ಒಂದು ತರ್ಕವನ್ನೂ ಜೋಡಿಸುತ್ತಾರೆ. ಬ್ರಿಟಿಷ್ ಇಂಜಿನ್ನಿನ ಕ್ರ್ಯಾಂಕ್‌ಕೇಸ್, ಅಂದರೆ ತಳಭಾಗದ ಕವಚ, ಎಡ, ಬಲ ಎಂದು ಎರಡು ಹೋಳು. ಜೋಡಣೆಯ ಗೆರೆ ನೆತ್ತಿಯಿಂದ ತಳದವರೆಗೆ ಇಳಿದು, ಆಯಿಲ್ ಬೀಳುವ ಜಾಗವನ್ನೇ ಹಾದು ಹೋಗುತ್ತದೆ. 1969ರಲ್ಲಿ ಬಂದ ಹೋಂಡಾ ಸಿಬಿ 750ರ ಕೇಸ್ ಮೇಲಿನದು, ಕೆಳಗಿನದು ಎಂದು ಅಡ್ಡಡ್ಡ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಜಪಾನಿನದು ಒಣಗಿರುತ್ತದೆ, ಬ್ರಿಟನ್ನಿನದು ಸೋರುತ್ತದೆ ಎಂಬುದು ವಾದ. ಈ ವಾದ ಮಾಡುವವರು ತಮ್ಮ ಮನೆಯ ಮುಂದೆ ನಿಂತಿರುವ ಸ್ಪ್ಲೆಂಡರ್ ಪಕ್ಕದಲ್ಲಿ ಒಮ್ಮೆ ಕುಕ್ಕರಗಾಲಿನಲ್ಲಿ ಕುಳಿತು ಇಂಜಿನ್ ತಳ ನೋಡಬೇಕು. ಅದರ ಕೇಸ್ ಕೂಡ ಎಡ, ಬಲ ಎರಡು ಹೋಳೇ. ಆಯಿಲ್ ಹಗಲೂ ರಾತ್ರಿ ಅದೇ ಗೆರೆಯ ಮೇಲೆ ನಿಂತಿರುತ್ತದೆ. ಯಮಹಾ ಆರ್‌ಎಕ್ಸ್ 100ರದೂ ಹಾಗೆಯೇ. ಬೆಳಗಾವಿಯ ಗಲ್ಲಿ ಗಲ್ಲಿಯಲ್ಲಿ ಇಂಥ ಬೈಕುಗಳು ಸಾಲಾಗಿ ನಿಲ್ಲುತ್ತವೆ. ಯಾವುದರ ಕೆಳಗೆ ತಟ್ಟೆ ಇದೆ? ಗೆರೆ ಎಲ್ಲಿದೆ ಎನ್ನುವುದಲ್ಲ, ಎರಡು ಮುಖಗಳು ಸರಿಯಾಗಿ ಕೂಡಿವೆಯೇ, ಒಳಗಿನ ಒತ್ತಡ ಎಷ್ಟು ಎನ್ನುವುದು ಮುಖ್ಯ.

ಒತ್ತಡದ ವಿಷಯವನ್ನು ನಿಧಾನವಾಗಿ ಓದಿ, ಅರ್ಧ ಉತ್ತರ ಇಲ್ಲೇ ಇದೆ. ನಿಮ್ಮ ಥಂಡರ್‌ಬರ್ಡ್ 649 ಸಿಸಿಯ ಜೋಡಿ ಸಿಲಿಂಡರಿನದು. ಅದರ ಎರಡೂ ಪಿಸ್ಟನ್‌ಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಒಂದು ಏರುವಾಗ ಇನ್ನೊಂದು ಇಳಿಯುವ ಇಂಜಿನ್ನಿನಲ್ಲಿ ಕೆಳಗಿನ ಗಾಳಿ ಅತ್ತಿಂದಿತ್ತ ಸರಿದಾಡಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ, ಪ್ರತಿ ಸುತ್ತಿಗೂ ಸುಮಾರು 650 ಸಿಸಿ ಗಾಳಿ ಕ್ರ್ಯಾಂಕ್‌ಕೇಸಿನೊಳಗೆ ಅದುಮಿಕೊಳ್ಳುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 50 ಸಲ. ಕಮ್ಮಾರನ ತಿದಿಯಂತೆ. ಈ ಗಾಳಿ ಹೊರಹೋಗಲೆಂದು ಟ್ರಯಂಫ್‌ನವರು ಕ್ಯಾಮ್‌ಶಾಫ್ಟಿನ ತುದಿಯಲ್ಲಿ ತಿರುಗುವ ಪುಟ್ಟ ತಟ್ಟೆಯ ವಾಲ್ವ್ ಇಟ್ಟು, ಅಲ್ಲಿಂದ ಹೊರಕ್ಕೆ ಒಂದು ಕೊಳವೆ ಕೊಟ್ಟಿದ್ದಾರೆ. ಅದರ ಹೆಸರು ಬ್ರೀದರ್. ಪಿಸ್ಟನ್ ಇಳಿಯುವ ಹೊತ್ತಿಗೆ ಸರಿಯಾಗಿ ಅದು ತೆರೆಯಬೇಕು. ಅದು ಕಟ್ಟಿಕೊಂಡರೆ ಗಾಳಿ ಬೇರೆ ದಾರಿ ಹುಡುಕುತ್ತದೆ, ಹೋಗುವಾಗ ಆಯಿಲನ್ನೂ ಜೊತೆಗೆ ಒಯ್ಯುತ್ತದೆ. ಪಿಸ್ಟನ್ ರಿಂಗ್ ಸವೆದಿದ್ದರಂತೂ ಮೇಲಿನ ಹೊಗೆಯೂ ಕೆಳಗಿಳಿದು ಒತ್ತಡ ಇನ್ನಷ್ಟು ಹೆಚ್ಚುತ್ತದೆ.

ನನ್ನ ಸ್ವಂತ ಬೈಕಿನಲ್ಲಿ ಮೂರು ಸಲ ಪ್ಯಾಕಿಂಗ್, ಅಂದರೆ ಜೋಡಣೆಯ ನಡುವೆ ಕೂರಿಸುವ ಹಾಳೆ, ಬದಲಿಸಿದರೂ ಸೋರಿಕೆ ನಿಲ್ಲಲಿಲ್ಲ. ಕೊನೆಗೊಂದು ಸಂಜೆ ಬ್ರೀದರ್ ಕೊಳವೆಯೊಳಗೆ ಕ್ಲಚ್ ಕೇಬಲಿನ ತಂತಿ ತೂರಿಸಿದೆ. ಗೇಣುದ್ದ ಹೋಗಿ ನಿಂತಿತು. ತಿರುಗಿಸಿ ಎಳೆದಾಗ ಕೆಂಪು ಮಣ್ಣು ಉದುರಿತು, ಅದರ ಹಿಂದೆಯೇ ಕಡಲೆಕಾಳಿನ ಗಾತ್ರದ ಒಣಗಿದ ಗೂಡು. ಮಳೆಗಾಲ ಮುಗಿದ ಮೇಲೆ ಮನೆಯ ಕೀಲಿ ರಂಧ್ರದಲ್ಲಿ ಗೂಡು ಕಟ್ಟುತ್ತದಲ್ಲ, ಅದೇ ಕಣಜ. ಗೂಡು ತೆಗೆದ ಮರುದಿನ ನೆಲ ಒಣಗಿತ್ತು. ಹೊಸ ಪ್ಯಾಕಿಂಗ್ ಕೊಳ್ಳುವ ಮೊದಲು ಆ ಕೊಳವೆಗೆ ಬಾಯಿಟ್ಟು ಊದಿ ನೋಡಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಇನ್ನು ಮುಖಗಳು. ಈ ಇಂಜಿನ್‌ಗಳನ್ನು ಅರವತ್ತು ಎಪ್ಪತ್ತು ವರ್ಷಗಳಲ್ಲಿ ಎಷ್ಟೋ ಕೈಗಳು ಬಿಚ್ಚಿವೆ. ಮುಚ್ಚಳ ಅಂಟಿಕೊಂಡಿದ್ದಾಗ ಯಾರೋ ಸ್ಕ್ರೂ ಡ್ರೈವರ್ ತೂರಿಸಿ ಮೀಟಿದ್ದಾರೆ. ಅಂಚಿನ ಮೇಲೆ ಉಗುರು ಆಡಿಸಿ ನೋಡಿ, ಒಂದಲ್ಲ ಒಂದು ಕಡೆ ಎಡವುತ್ತದೆ. ಸೋರುವುದು ಅಲ್ಲಿಂದ. ಇಂಜಿನ್ ನೆತ್ತಿಯ ರಾಕರ್ ಬಾಕ್ಸ್, ಬಲಬದಿಯ ಟೈಮಿಂಗ್ ಕವರ್, ಎಡಬದಿಯ ಚೈನು ಮುಚ್ಚುವ ಪ್ರೈಮರಿ ಕವರ್‌ಗಳ ಮುಖವನ್ನು ಮನೆಯಲ್ಲೇ ಮಟ್ಟ ಮಾಡಬಹುದು. ಗಾಜಿನ ಅಂಗಡಿಯಲ್ಲಿ 10 ಅಥವಾ 12 ಮಿಲಿಮೀಟರ್ ದಪ್ಪದ ತುಂಡು ತನ್ನಿ. ಅದರ ಮೇಲೆ ನಯವಾದ ಪಾಲಿಶ್ ಪೇಪರ್ ಹಾಸಿ, ಸ್ವಲ್ಪ ಸೀಮೆಎಣ್ಣೆ ಚಿಮುಕಿಸಿ, ಕವರನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಹಗುರವಾಗಿ ಆಡಿಸಿ. ಮುಖವಿಡೀ ಒಂದೇ ಬೂದು ಬಣ್ಣ ಬರುವವರೆಗೆ ಸಾಕು. ಕ್ರ್ಯಾಂಕ್‌ಕೇಸಿನ ಹೋಳುಗಳನ್ನು ಮಾತ್ರ ಹೀಗೆ ಉಜ್ಜಬೇಡಿ, ಬೇರಿಂಗುಗಳ ನೇರ ಕೆಡುತ್ತದೆ. ಅಲ್ಲಿ ಉಬ್ಬಿದ ಜಾಗವನ್ನಷ್ಟೇ ಆಯಿಲ್ ಸ್ಟೋನ್‌ನಿಂದ ತೆಗೆದರೆ ಆಯಿತು.

ಸಿಲಿಕಾನ್ ಟ್ಯೂಬಿನ ಬಗ್ಗೆ ಗಟ್ಟಿಯಾಗಿಯೇ ಹೇಳುತ್ತೇನೆ: ಬೇಡ. ಹೊರಗೆ ಎಷ್ಟು ಹಿಂಡಿಕೊಂಡು ಬಂದಿದೆಯೋ ಒಳಗೂ ಅಷ್ಟೇ ಬಂದಿರುತ್ತದೆ. ಅದು ಹರಿದು ಆಯಿಲ್ ಜೊತೆ ಓಡಾಡುತ್ತದೆ. ಟ್ರಯಂಫ್‌ನ ಆಯಿಲ್ ಪಂಪಿನಲ್ಲಿ ಸ್ಪ್ರಿಂಗಿನ ಮೇಲೆ ಕೂರುವ ಎರಡು ಉಕ್ಕಿನ ಗುಂಡುಗಳಿವೆ. ಕೆಳಗೆ ಬಿದ್ದ ಆಯಿಲನ್ನು ಪ್ರತ್ಯೇಕವಾಗಿರುವ ಆಯಿಲ್ ಟ್ಯಾಂಕಿಗೆ ಹಿಂದಿರುಗಿಸುವ ಗುಂಡಿನ ಅಡಿಯಲ್ಲಿ ಅಕ್ಕಿಕಾಳಿನಷ್ಟು ಸಿಲಿಕಾನ್ ಸಿಕ್ಕಿಕೊಂಡರೆ ಸಾಕು, ಆಯಿಲ್ ಮೇಲೇರದೆ ಕ್ರ್ಯಾಂಕ್‌ಕೇಸ್ ತುಂಬುತ್ತದೆ, ಮತ್ತೆ ಸೋರುತ್ತದೆ. ಸೋರಿಕೆಗೆ ಹಚ್ಚಿದ ಮದ್ದೇ ಸೋರಿಕೆ ತಂದಿತು. ಇಂಥ ತುಂಡುಗಳನ್ನು ಚಿಮಟದಿಂದ ಹೆಕ್ಕಿ ತೆಗೆದು ನನಗೆ ಸಾಕಾಗಿದೆ.

ಎಲ್ಲಿಂದ ಸೋರುತ್ತಿದೆ ಎಂದು ತಿಳಿಯುವುದು ಸುಲಭ. ಇಂಜಿನ್ನನ್ನು ಡೀಸೆಲಿನಿಂದ ತೊಳೆದು ಪೂರ್ತಿ ಒಣಗಿಸಿ. ಮುಖಕ್ಕೆ ಹಚ್ಚುವ ಪೌಡರನ್ನು ಎಲ್ಲ ಜೋಡಣೆಗಳ ಮೇಲೆ ಉದುರಿಸಿ, ಖಾನಾಪುರ ರಸ್ತೆಯಲ್ಲಿ ಮಚ್ಛೆಯವರೆಗೆ ಹೋಗಿ ಬನ್ನಿ. ಕಪ್ಪಗಾದ ಜಾಗಗಳಲ್ಲಿ ಅತ್ಯಂತ ಮೇಲಿನದೇ ಮೂಲ, ಏಕೆಂದರೆ ಓಡುವಾಗ ಆಯಿಲ್ ಕೆಳಕ್ಕೂ ಹಿಂದಕ್ಕೂ ಹರಡುತ್ತದೆ. ತಳದಲ್ಲಿ ಹನಿಯುವುದು ಬಹಳ ಸಲ ಪುಶ್‌ರಾಡ್ ಕೊಳವೆಯ (ವಾಲ್ವ್‌ಗಳನ್ನು ತಳ್ಳುವ ಸರಳುಗಳು ಇರುವ ಕೊಳವೆ) ರಬ್ಬರ್ ವಾಷರಿನಿಂದ ಇಳಿದು ಬಂದದ್ದು. ಅದು ಹತ್ತು ನಿಮಿಷದ ಕೆಲಸ ಎಂದು ಸುಳ್ಳು ಹೇಳುವುದಿಲ್ಲ, ಸಿಲಿಂಡರ್ ಹೆಡ್ ಎತ್ತಬೇಕಾಗುತ್ತದೆ.

ಬೈಕ್ ಇಡೀ ಮಳೆಗಾಲ ನಿಂತು, ಮೊದಲ ಸ್ಟಾರ್ಟಿನಲ್ಲೇ ಆಯಿಲ್ ಕಾರಿದರೆ ಅದನ್ನು ಸೋರಿಕೆ ಎಂದುಕೊಳ್ಳಬೇಡಿ. ಟ್ಯಾಂಕಿನ ಆಯಿಲ್ ಪಂಪಿನ ಮೂಲಕ ಹನಿಹನಿಯಾಗಿ ಕೆಳಗಿಳಿದು ತುಂಬಿಕೊಂಡಿರುತ್ತದೆ. ತಳದ ಪ್ಲಗ್ ಬಿಚ್ಚಿ ಬಸಿದು, ಟ್ಯಾಂಕಿಗೆ ಮತ್ತೆ ಆಯಿಲ್ ತುಂಬಿ ಸ್ಟಾರ್ಟ್ ಮಾಡಿ. ಟ್ಯಾಂಕಿನ ಕೆಳಗೆ ನಲ್ಲಿ ಕೂಡಿಸಲು ಮಾತ್ರ ಹೋಗಬೇಡಿ. ಒಂದು ದಿನ ತೆರೆಯಲು ಮರೆತರೆ ಇಂಜಿನ್ ಅಲ್ಲೇ ಹಿಡಿದುಕೊಳ್ಳುತ್ತದೆ.

ಒಂದು ವಿನಾಯಿತಿ ಕೊಡುತ್ತೇನೆ. ಬಿಎಸ್‌ಎ ಎಂ20ಯಂಥ ಹಳೆಯ ಬೈಕುಗಳ ಪ್ರೈಮರಿ ಚೈನಿನ ಕವಚ ತಗಡಿನದು. ಅದನ್ನು ಪೂರ್ತಿ ಒಣಗಿಸುವುದು ಕಷ್ಟ, ಅಲ್ಲಿ ಒಂದೆರಡು ಹನಿ ಕ್ಷಮಿಸಬಹುದು. ನಿಮ್ಮದು ಎರಕದ ಅಲ್ಯುಮಿನಿಯಂ ಕವಚ. ನಿಮಗೆ ಆ ರಿಯಾಯಿತಿ ಇಲ್ಲ.

ಬಿಚ್ಚುವ ಮಾತು ಬಂದ ಮೇಲೆ ಪಾನಾದ (ಸ್ಪ್ಯಾನರ್) ಬಗ್ಗೆಯೂ ಹೇಳಬೇಕು. ನೀವು ಕೇಳಿಲ್ಲ, ಆದರೆ ಹೇಳದೆ ಬಿಟ್ಟರೆ ಮುಂದಿನ ಪತ್ರ ಅದರದೇ ಆಗಿರುತ್ತದೆ. ಹಳೆಯ ಪಾನಾದ ಮೇಲೆ 1/4 ಡಬ್ಲ್ಯು (ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆ) ಎಂದಿದ್ದರೆ ಅದು ಬಾಯಿಯ ಅಗಲವಲ್ಲ, ಆ ನಟ್ ಕೂರುವ ಬೋಲ್ಟಿನ ದಪ್ಪ. ಬಾಯಿ 0.525 ಇಂಚು, ಸುಮಾರು 13.3 ಮಿಲಿಮೀಟರ್. ಹದಿಮೂರರ ಪಾನಾ ಒಳಹೋಗುವುದಿಲ್ಲ. ಹದಿನಾಲ್ಕರದು ಹೋಗುತ್ತದೆ, ನಟ್ಟಿನ ಮೂಲೆಗಳನ್ನು ತಿಂದು ಹಾಕುತ್ತದೆ. ಆಮೇಲೆ ಉಳಿಯುವುದು ಉಳಿ, ಸುತ್ತಿಗೆ. ವಿಟ್‌ವರ್ತ್ ಪಾನಾ ಸೆಟ್ ಒಂದನ್ನು ಕೊಳ್ಳದೆ ಈ ಬೈಕಿಗೆ ಕೈಹಾಕಬಾರದು.

ಥ್ರೆಡ್ ಕೆಟ್ಟಿದ್ದರೆ ಮಿಲಿಮೀಟರ್ ಟ್ಯಾಪ್ ಹೊಡೆಸಿ ಹೊಸ ಥ್ರೆಡ್ ಕೊರೆಸುವ ಆತುರವೂ ಬೇಡ. ಬ್ರಿಟಿಷ್ ಇಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ, ಹಲ್ಲುಗಳ ನಡುವಿನ ಕೋನ 55 ಡಿಗ್ರಿಯಿರುವ ಥ್ರೆಡ್ಡನ್ನು ಮ್ಯೂಸಿಯಮ್ಮಿನ ವಸ್ತು ಎಂದುಕೊಂಡವರು ತಮ್ಮ ಬಚ್ಚಲಿನ ನಲ್ಲಿ ಬಿಚ್ಚಿ ನೋಡಲಿ, ಪೈಪಿನ ಥ್ರೆಡ್ ಇಂದಿಗೂ ಅದೇ 55 ಡಿಗ್ರಿ. ಹೈಡ್ರಾಲಿಕ್ ಜೋಡಣೆಗಳಲ್ಲೂ ಅದೇ ಪೈಪ್ ಥ್ರೆಡ್ ಬಳಕೆಯಲ್ಲಿದೆ, ಆದ್ದರಿಂದ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇಥ್‌ಗಳಿಗೆ ಅದು ಹೊಸದೇನಲ್ಲ. ಆದರೆ ನಿಮ್ಮ ಬೈಕಿನಲ್ಲಿ ಸೈಕಲ್ ಥ್ರೆಡ್ ಕೂಡ ಧಾರಾಳವಾಗಿದೆ, ಅದು 60 ಡಿಗ್ರಿ. ಕಾಲಿಂಚಿನ ಬೋಲ್ಟಿನಲ್ಲಿ ಸೈಕಲ್ ಥ್ರೆಡ್‌ಗೂ ಇಂಚಿಗೆ 26 ಸುತ್ತು, ವಿಟ್‌ವರ್ತ್ ಕೋನದ ಸಣ್ಣ ಥ್ರೆಡ್‌ಗೂ 26 ಸುತ್ತು. ಒಂದರ ನಟ್ ಇನ್ನೊಂದಕ್ಕೆ ಏರುತ್ತದೆ, ಬಿಗಿಯಾಗಿಯೇ ಕೂರುತ್ತದೆ, ಕೆಲವು ನೂರು ಕಿಲೋಮೀಟರಿನ ನಂತರ ಸಡಿಲಗೊಂಡು ಅಲ್ಲಿಂದ ಆಯಿಲ್ ಜಿನುಗುತ್ತದೆ. ಅದಕ್ಕೇ ಟರ್ನರ್ ಬಳಿ ಹೋಗುವಾಗ ಬಾಯಿಮಾತಿನಲ್ಲಿ ಅಳತೆ ಹೇಳಬೇಡಿ. ಹಳೆಯ ಬೋಲ್ಟನ್ನೇ ತೊಳೆದು ಒಯ್ಯಿರಿ, ಅವರು ಥ್ರೆಡ್ ಅಳೆಯುವ ಹಲ್ಲಿನ ಪಟ್ಟಿ, ಅಂದರೆ ಗೇಜ್, ಇಟ್ಟು ಬೆಳಕಿಗೆ ಹಿಡಿದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಹಲ್ಲುಗಳ ನಡುವೆ ಬೆಳಕು ಕಂಡರೆ ಅದು ಆ ಗೇಜಿನದಲ್ಲ.