ಫೈಬ್ರೊಮಯಾಲ್ಜಿಯಾ: ಮರುದಿನದ ನೋವನ್ನೂ ಲೆಕ್ಕಕ್ಕೆ ಹಿಡಿಯಬೇಕು

ಫೈಬ್ರೊಮಯಾಲ್ಜಿಯಾ ಅಂದರೆ ಮೈಯೆಲ್ಲ ನೋವು, ಸುಸ್ತು ತಿಂಗಳುಗಟ್ಟಲೆ ಕಾಡುವ ಕಾಯಿಲೆ. ಅದು ಇರುವವರು ಬರುವಾಗ ಜೊತೆಗೊಂದು ದಪ್ಪ ಫೈಲ್ ಬರುತ್ತದೆ. ಉರಿಯೂತ ಇದೆಯೇ ಅಂತ ನೋಡುವ ಇಎಸ್‌ಆರ್, ಸಿಆರ್‌ಪಿ ರಕ್ತ ಪರೀಕ್ಷೆ, ಥೈರಾಯ್ಡ್, ಎಕ್ಸ್‌ರೇ ಎಲ್ಲ ನಾರ್ಮಲ್. ‘ಏನೂ ಇಲ್ಲ ಅಂತ ಬಂದಿದೆ, ಆದ್ರೂ ಮಲಗೇ ಇರ್ತಾಳೆ ಡಾಕ್ಟ್ರೇ’ ಅಂತ ಮನೆಯವರ ದೂರು ಬೇರೆ. ನೋವಿಗೆ ಬೇರೆ ಕಾಯಿಲೆ ಕಾರಣವೇ ಅಂತ ನೋಡಲು ಆ ಪರೀಕ್ಷೆಗಳು ಬೇಕು, ನಿಜ. ಆದರೆ ಇವರಿಂದ ದಿನಕ್ಕೆ ಎಷ್ಟು ಕೆಲಸ ಆದೀತು ಅನ್ನುವುದು ಅದರಲ್ಲಿ ಇರುವುದಿಲ್ಲ.

ಅದನ್ನು ಅಳೆಯಲು ಫೈಬ್ರೊಮಯಾಲ್ಜಿಯಾ ಇಂಪ್ಯಾಕ್ಟ್ ಕ್ವೆಶ್ಚನೇರ್ ಅಂತ ಒಂದು ಪ್ರಶ್ನಾವಳಿ ಇದೆ. 1991ರದ್ದು, 2009ರಲ್ಲಿ ತಿದ್ದಿದ್ದು. ಕಳೆದ 7 ದಿನಗಳ ಬಗ್ಗೆ 21 ಪ್ರಶ್ನೆ, ಒಂದೊಂದಕ್ಕೂ 0ರಿಂದ 10, ಅದನ್ನು ಇಳಿಸಿ ಒಟ್ಟು 100 ಅಂಕ. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ತಲೆ ಬಾಚುವುದು, 20 ನಿಮಿಷ ನಡೆಯುವುದು, ಒಂದು ಮಹಡಿ ಹತ್ತುವುದು, 45 ನಿಮಿಷ ಕುರ್ಚಿಯಲ್ಲಿ ಕೂರುವುದು ಎಷ್ಟು ಕಷ್ಟ ಅಂತ ಕೇಳುತ್ತದೆ. ಆದರೆ ಇಂಥ ಕೆಲಸಗಳಿಗೆ ಇರುವುದು 30 ಅಂಕ ಮಾತ್ರ. ನೋವು, ಸುಸ್ತು, ನಿದ್ದೆ, ಮರೆವು ಇಂಥವಕ್ಕೆ 50, ಉಳಿದ 20 ಒಟ್ಟಾರೆ ಪರಿಣಾಮಕ್ಕೆ. ನನಗಿದು ಸರಿ ಅನ್ನಿಸುತ್ತದೆ.

ಸುಮ್ನೆ ಫಾರಂ ಕೈಗೆ ಕೊಟ್ಟರೆ ಮಾತ್ರ ಮೋಸ ಹೋಗುತ್ತೇವೆ. ‘ಅಡುಗೆ ಮಾಡೋಕೆ ಆಗುತ್ತಾ?’ ಅಂದರೆ ‘ಮಾಡ್ಲೇಬೇಕಲ್ಲ’ ಅನ್ನುತ್ತಾರೆ. ಅದನ್ನು ‘ಆಗುತ್ತೆ’ ಅಂತ ಬರೆದುಕೊಂಡರೆ ತಪ್ಪು. ರೊಟ್ಟಿ ತಟ್ಟುವಾಗ ಎಷ್ಟು ಸಲ ಕೈ ಬಿಡ್ತೀರಿ? ಚಪಾತಿ ಹಿಟ್ಟು ಯಾರು ಕಲಸ್ತಾರೆ? ಮದುವೆ ಮನೆಯಲ್ಲಿ ಒಂದು ದಿನ ಓಡಾಡಿದರೆ ಆಮೇಲೆ ಎಷ್ಟು ದಿನ ಮಲಗ್ತೀರಿ? ಹೀಗೆ ಕೆದಕಿದಾಗ ನಿಜ ಹೊರಗೆ ಬರುತ್ತದೆ. ಇವರಲ್ಲಿ ಹಲವರು ಒಂದು ಕೆಲಸವನ್ನು ಒಮ್ಮೆ ಮಾಡಬಲ್ಲರು. ಅದನ್ನೇ ನಾಳೆ, ನಾಡಿದ್ದು ಮಾಡಲಾರರು. ನಮ್ಮೆದುರು ಹತ್ತು ನಿಮಿಷ ಚೆನ್ನಾಗಿ ನಡೆದು ತೋರಿಸಿದರೂ ಅಷ್ಟಕ್ಕೇ ತೀರ್ಪು ಕೊಡಬಾರದು.

ಇನ್ನೊಂದು ತಿರುವೂ ಇದೆ. ‘ನೆಲ ಒರೆಸೋದು ಸೊಸೆ, ನಂಗೇನೂ ಕಷ್ಟ ಇಲ್ಲ’ ಅಂತ ಸೊನ್ನೆ ಹಾಕುವವರಿದ್ದಾರೆ. ಈ ವಾರ ಮಾಡದಿದ್ದರೆ ಕೊನೆಯ ಸಲ ಮಾಡಿದಾಗ ಎಷ್ಟು ಕಷ್ಟವಾಗಿತ್ತು ಅಂತ ಬರೆಯಬೇಕು. ಮಾಡೋಕೇ ಆಗದಿದ್ದರೆ 10. ಕೂಡು ಕುಟುಂಬದವರ ಹತ್ತಿರ ಇದನ್ನು ಬಿಡಿಸಿ ಹೇಳಲೇಬೇಕು.

ನೌಕರಿಯಲ್ಲಿ ಇರುವವರಿಗೆ ನೋವಿಗಿಂತ ತಲೆ ಮಂಕಾಗುವುದೇ ದೊಡ್ಡ ಕಾಟವಾಗಬಹುದು. ಕ್ಯಾಷ್ ಎರಡೆರಡು ಸಲ ಎಣಿಸುವುದು, ಮೀಟಿಂಗಿನಲ್ಲಿ ಹೇಳಿದ್ದು ಮರೆಯುವುದು. ಆಫೀಸಿನಲ್ಲಿ ಇದಕ್ಕೆ ಸೋಮಾರಿತನದ ಹಣೆಪಟ್ಟಿ ಬೀಳುತ್ತದೆ. ಹಾಗಾಗಿ ಬಸ್ಸಿನಲ್ಲಿ ನಿಂತು ಬರುತ್ತೀರಾ, ನೈಟ್ ಶಿಫ್ಟ್ ಇದೆಯಾ, ರಜೆ ಯಾವ ದಿನಗಳ ನಂತರ ಜಾಸ್ತಿ ಬಿದ್ದಿದೆ ಅಂತಲೂ ಕೇಳಿ ಬರೆದುಕೊಳ್ಳುತ್ತೇನೆ. ಎರಡು ವಾರದ ಡೈರಿ ತಂದರೆ ಇನ್ನೂ ಒಳ್ಳೆಯದು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿಲ್ಲ. ಹಾಗಾಗಿ ನಾವು ಆಫೀಸಿಗೆ ಬರೆಯುವ ಪತ್ರಕ್ಕೇ ಬೆಲೆ ಜಾಸ್ತಿ. ‘ಭಾರವಾದ ಕೆಲಸ ಬೇಡ’ ಅಂತ ಒಂದು ಸಾಲು ಗೀಚಿದರೆ ಯಾರಿಗೂ ಏನೂ ತಿಳಿಯದು. ‘ಸತತ 30 ನಿಮಿಷಕ್ಕಿಂತ ಜಾಸ್ತಿ ಕೂರಿಸಬೇಡಿ, ನಡುವೆ ಎದ್ದು ಓಡಾಡಲು ಬಿಡಿ, ರಾತ್ರಿ ಪಾಳಿ ಬೇಡ, ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸುತ್ತೇವೆ’ ಅಂತ ರೋಗಿಗೆ ತಕ್ಕಂತೆ ಬರೆದರೆ ಮ್ಯಾನೇಜರಿಗೂ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.