ತೂಕ ಇಳಿಯದಿದ್ದರೆ ಮನೋಬಲವಿಲ್ಲ ಎಂದರ್ಥವೇ?

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಮಧ್ಯಾಹ್ನ ಒಂದಕ್ಕೆ ಊಟ, ಮನೆ ಸೇರುವಾಗ ರಾತ್ರಿ ಒಂಬತ್ತು, ಆಮೇಲೆ ಬಿರಿಯಾನಿ ತರಿಸಿಕೊಂಡು ನನ್ನನ್ನೇ ಬೈದುಕೊಳ್ಳುತ್ತೇನೆ. ತಂಡದಲ್ಲಿ ಏನೇ ತೊಡಕು ಬಂದರೂ ನನ್ನನ್ನೇ ಕರೆಯುತ್ತಾರೆ. ನನ್ನ ತೂಕದ ವಿಷಯದಲ್ಲಿ ಮಾತ್ರ ಮತ್ತೆ ಮತ್ತೆ ಸೋಲುತ್ತಿದ್ದೇನೆ. ಇಳಿದದ್ದೆಲ್ಲ ಮರಳಿ ಬರುತ್ತದೆ. ನನಗೆ ಮನೋಬಲವೇ ಇಲ್ಲವೇ ಮೇಡಂ?

ಉತ್ತರ: ಇದೇ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ, ಕೇಳುವವರ ಬಡಾವಣೆ ಮಾತ್ರ ಬೇರೆ. ಮತ್ತೊಮ್ಮೆ ಬಿಡಿಸಿ ಹೇಳುತ್ತೇನೆ.

ದಪ್ಪಗಿರುವವರು ಸೋಮಾರಿಗಳು, ಬಾಯಿ ಕಟ್ಟಲಾಗದವರು ಎಂಬ ನಂಬಿಕೆಗೆ ಆಧಾರವಿಲ್ಲ. 1994ರಲ್ಲಿ ಲೆಪ್ಟಿನ್ ಹಾರ್ಮೋನು ಪತ್ತೆಯಾಯಿತು. ಕೊಬ್ಬಿನ ಕೋಶಗಳೇ ಅದನ್ನು ರಕ್ತಕ್ಕೆ ಬಿಡುತ್ತವೆ. ದೇಹದಲ್ಲಿ ಸಂಗ್ರಹ ಎಷ್ಟಿದೆಯೆಂದು ಮಿದುಳು ಅದರಿಂದ ತಿಳಿಯುತ್ತದೆ. ತೂಕ ಇಳಿದಾಗ ಲೆಪ್ಟಿನ್ ಕುಸಿಯುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ, ದೇಹ ಖರ್ಚು ಮಾಡುವ ಶಕ್ತಿಯೂ ತಗ್ಗುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ತೂಕ ಇಳಿಸಿಕೊಂಡು ವರ್ಷ ಕಳೆದರೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅವಳಿಗಳ ಅಧ್ಯಯನಗಳು ಮನುಷ್ಯರ ತೂಕದ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಶೇ 40ರಿಂದ 70 ಎನ್ನುತ್ತವೆ. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಔಷಧಗಳೂ ತೂಕ ಏರಿಸುತ್ತವೆ. ಇಷ್ಟರ ಎದುರು ಹೆಣಗುತ್ತಿರುವವರಿಗೆ ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗ ‘ಸ್ವಲ್ಪ ಕಡಿಮೆ ತಿನ್ನಬಾರದೇ’ ಎನ್ನುವುದು ಕ್ರೌರ್ಯ. ಹಾಗೆನ್ನುವ ದೊಡ್ಡಮ್ಮಂದಿರೂ ಇದನ್ನು ಓದಲಿ.

ಆ ಮಾತನ್ನು ಕೇಳಿ ಕೇಳಿ ನಾವೇ ನಂಬಿಬಿಡುವುದು ಇನ್ನೂ ದೊಡ್ಡ ಹಾನಿ. ಕಚೇರಿಯಲ್ಲಿ ಸರ್ವರ್ ನಿಂತರೆ ನೀವು ‘ನಾನು ಕೆಟ್ಟವಳು’ ಎಂದು ಅಳುವುದಿಲ್ಲ, ಕಾರಣ ಹುಡುಕುತ್ತೀರಿ. ರಾತ್ರಿ ಒಂದು ಬಿರಿಯಾನಿ ತರಿಸಿಕೊಂಡರೆ ಮಾತ್ರ ನಿಮ್ಮ ಸ್ವಭಾವದ ಮೇಲೆಯೇ ತೀರ್ಪು ಕೊಟ್ಟುಕೊಳ್ಳುತ್ತೀರಿ. ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಸಮಸ್ಯೆ ಬಿಡಿಸುವ ಕೌಶಲ ನಿಮ್ಮಲ್ಲಿದೆ. ನಿಮ್ಮ ಬಗ್ಗೆ ನೀವೇ ಇಟ್ಟುಕೊಂಡಿರುವ ಅಭಿಪ್ರಾಯ ಅದನ್ನು ಬಳಸಲು ಬಿಡುತ್ತಿಲ್ಲ. ಈ ಕೌಶಲವನ್ನು ತೂಕಕ್ಕೂ ಅನ್ವಯಿಸಿ ಕಲಿಸಬಹುದು. ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತೂಕ ಇಳಿಸುವ ಚಿಕಿತ್ಸೆಯ ನಂತರವೂ ಇಂಥ ತರಬೇತಿ ಮುಂದುವರಿಸಿದ ಮಹಿಳೆಯರು, ಚಿಕಿತ್ಸೆ ಮುಗಿಸಿ ಸುಮ್ಮನಾದವರಿಗಿಂತ ಇಳಿದ ತೂಕವನ್ನು ಚೆನ್ನಾಗಿ ಉಳಿಸಿಕೊಂಡರು.

ನಿಮ್ಮ ದಿನವನ್ನೇ ನೋಡಿ. ಒಂದು ಗಂಟೆಗೆ ಊಟ, ನಂತರ ಸಿಲ್ಕ್ ಬೋರ್ಡ್ ವೃತ್ತದ ಟ್ರಾಫಿಕ್ ದಾಟಿ ಮನೆ ಸೇರುವಾಗ ಒಂಬತ್ತು. ಎಂಟು ಗಂಟೆ ಹಸಿದವರು ಅನ್ನ ಬೇಯುವವರೆಗೆ ಕಾಯಲಾರರು. ಐದಕ್ಕೆ ಬೇಯಿಸಿದ ಕಡಲೆಕಾಳು ತಿಂದು ಒಂದು ವಾರ ನೋಡಿ, ಬರೆದಿಡಿ. ಫಲ ಕಾಣದಿದ್ದರೆ ಉಪಾಯ ಬದಲಿಸಿ.

ನೀವು ಕೇಳದಿದ್ದರೂ ಇನ್ನೊಂದು ಮಾತು. ತೂಕ ಇಳಿದ ಮೇಲೆ ಹೊಸ ಬಟ್ಟೆ, ತೂಕ ಇಳಿದ ಮೇಲೆ ಪ್ರವಾಸ ಎಂದು ಮುಂದೂಡುವವರು ಬಹಳ. ಈಗಿನ ಅಳತೆಗೇ ಬಟ್ಟೆ ಹೊಲಿಸಿಕೊಳ್ಳಿ. ಬೈಗುಳಕ್ಕೆ ಹೆದರಿ ವೈದ್ಯರ ಭೇಟಿಯನ್ನಂತೂ ಮುಂದೂಡಲೇಬೇಡಿ. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಪರೀಕ್ಷಿಸಿಕೊಳ್ಳಿ. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ತೂಕ ಕಂಡೊಡನೆ ಗದರುವ ವೈದ್ಯರಿದ್ದರೆ, ಬೇರೆಯವರ ಬಳಿ ಹೋಗಿ.